ದೇಶನೂರಿನ ತಲೆಬಾಗಿಲು

ಬಳ್ಳಾರಿಯಲ್ಲಿ ಮನೆ ಕಟ್ಟುವವರು ಮರವನ್ನು ಮೂಸಿ, ಉಗುರಿನಿಂದ ಕೆರೆದು ನೋಡಿ ಕೊಳ್ಳುತ್ತಿದ್ದ ಕಾಲ ಅದು. ನಮ್ಮಪ್ಪನ ಕಟ್ಟಿಗೆ ಅಡ್ಡೆ ಕಂಟೋನ್ಮೆಂಟಿನ ಆಚೆಗಿತ್ತು. ಶಾಲೆ ಬಿಟ್ಟ ಮೇಲೆ ನಾನೂ ತಮ್ಮನೂ ಅಲ್ಲಿಯೇ. ತೊಲೆಯ ಮೇಲೆ ಹಲಗೆ ಅಡ್ಡ ಇಟ್ಟು ಒಂದೊಂದು ತುದಿಗೆ ಕುಳಿತು ತೂಗುತ್ತಿದ್ದೆವು, ದಿಮ್ಮಿಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಗರಗಸಕ್ಕೆ ಸಿಕ್ಕ ತೇಗದ ವಾಸನೆ ಒಂದು ಥರ, ಬೇವಿನದು ಇನ್ನೊಂದು ಥರ. ಬೇವು ಕೊಯ್ದ ದಿನ ಅವ್ವ ಕಟ್ಟಿ ಕಳಿಸಿದ ಒಗ್ಗರಣೆ ಮಂಡಕ್ಕಿಯೂ ಕಹಿಯಾಗುತ್ತಿತ್ತು. ಇಂಥದ್ದನ್ನೆಲ್ಲ ನೆನೆದು ಸುಖಪಡುವವರು ಪಡಲಿ. ನನಗೆ ಆ ಅಡ್ಡೆ ನೆನಪಾದರೆ ಮೊದಲು ಹೇಸಿಗೆಯಾಗುತ್ತದೆ.

ಅಪ್ಪನ ಪಾಲಿಗೆ ಲೋಕದಲ್ಲಿ ಮೂರೇ ಜಾತಿ: ಫಸ್ಟ್ ಮಾಲು, ಸೆಕೆಂಡ್ ಮಾಲು, ಥರ್ಡ್ ಮಾಲು. ದಿಮ್ಮಿಯ ನಡುವಿನ ಕಂದು ತಿರುಳು, ಗಂಟಿಲ್ಲದ ನೇರ ಗೆರೆ, ಅದು ಫಸ್ಟ್. ಅಲ್ಲಲ್ಲಿ ಸಣ್ಣ ಗಂಟಿದ್ದರೆ ಸೆಕೆಂಡ್. ತೊಗಟೆಯ ಕೆಳಗಿನ ಬಿಳಿ ಭಾಗ ಸೇರಿಕೊಂಡು, ಗಂಟು ಕಳಚಿ ತೂತು ಬಿದ್ದಿದ್ದರೆ ಥರ್ಡ್. ಆ ಬಿಳಿ ಭಾಗವನ್ನು ಹುಳ ಬಿಡುವುದಿಲ್ಲ. ಅಪ್ಪ ಮನುಷ್ಯರನ್ನೂ ಹೀಗೆಯೇ ವಿಂಗಡಿಸುತ್ತಿದ್ದ. ಓಣಿಯ ಕಪ್ಪು ಹುಡುಗಿಯರೆಲ್ಲ ಅವನ ಬಾಯಲ್ಲಿ ಥರ್ಡ್ ಮಾಲು. ನಾನೂ ಕಪ್ಪಗಿದ್ದೆ. ಕೇಳಿದವರು ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪನಿಗೆ ಒಬ್ಬಳೇ ತಂಗಿ, ಗಿರಿಜತ್ತೆ. ಅವಳನ್ನು ದೇಶನೂರಿಗೆ ಕೊಟ್ಟಿದ್ದರು. ಭತ್ತದ ಗದ್ದೆಗಳ ದೊಡ್ಡ ಮನೆತನ. ಅವಳ ಅತ್ತೆ ಸಿದ್ದಮ್ಮನದು ಇನ್ನೂ ದೊಡ್ಡ ನಾಲಿಗೆ. ತವರಿನವರು ಕೈ ಬೀಸಿಕೊಂಡು ಬರುತ್ತಾರೆ, ಉಂಡು ಹೋಗುತ್ತಾರೆ ಎಂದು ಸೊಸೆಯನ್ನು ವರ್ಷಗಟ್ಟಲೆ ಚುಚ್ಚಿದವಳು. ಆ ವರ್ಷ ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ತಲೆಬಾಗಿಲಿನ ಚೌಕಟ್ಟು ಸೊಸೆಯ ತವರಿನಿಂದ ಬರಬೇಕೆಂಬುದು ಆ ಮನೆತನದ ಪದ್ಧತಿ. ನಾಗರಪಂಚಮಿಗೆ ತವರಿಗೆ ಬಂದ ಗಿರಿಜತ್ತೆ ಉಂಡಿ ಕಟ್ಟುತ್ತ ಕುಳಿತಿದ್ದವಳು ಕೈ ತೊಳೆದುಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ಅಣ್ಣಾ, ಬಂಗಾರ ಕೇಳಾಕತ್ತಿಲ್ಲ. ಒಂದು ಬಾಕ್ಲ ಕೊಡು. ನಮ್ಮತ್ತಿ ಮುಂದ ನಾನೂ ತಲಿ ಎತ್ತಿ ಅಡ್ಡಾಡ್ತೀನಿ."

ಅಪ್ಪ ನಕ್ಕು ಅವಳ ತಲೆ ಸವರಿದ. ನಿನಗೆ ಕೊಡದೆ ಇನ್ಯಾರಿಗೆ ಕೊಡಲಿ, ಫಸ್ಟ್ ಮಾಲೇ ಕೊಡುತ್ತೇನೆ ಎಂದ. ಅತ್ತೆ ಆ ಸಂಜೆ ಹಾಡಿಕೊಂಡು ಜೋಕಾಲಿ ಆಡಿದಳು. ಮದುವೆಯಾದ ಹೆಂಗಸು ಅಷ್ಟು ಎತ್ತರಕ್ಕೆ ಜೀಕಿದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

ಚೌಕಟ್ಟು ತಯಾರಾದ ದಿನ ಅಡ್ಡೆಯ ಹಿಂದಿನ ತಗಡಿನ ಶೆಡ್ಡಿಗೆ ಹೋದೆ. ಹುಳಿ ಹುಳಿ ನಾತ ಮೂಗಿಗೆ ಬಡಿಯಿತು. ಅಪ್ಪ ತಾನೇ ತೋಳು ಮಡಿಚಿಕೊಂಡು ಬಕೆಟ್ಟಿನಲ್ಲಿ ಹಳೆಯ ಚಹಾ ಡಿಕಾಕ್ಷನ್ನಿಗೆ ಕಾವಿಪುಡಿ ಕಲಸುತ್ತಿದ್ದ. ಚೌಕಟ್ಟಿನ ಒಂದು ಕಂಬ ಅರ್ಧಕ್ಕರ್ಧ ಬಿಳಿ. ಗಂಟಿನ ತೂತುಗಳಿಗೆ ಅಂಟು, ಕಟ್ಟಿಗೆ ಪುಡಿ ತುಂಬಿತ್ತು. ಒಳ್ಳೆಯ ಮರವನ್ನು ಯಾರೋ ಕಂಟ್ರಾಕ್ಟರನಿಗೆ ಕೊಯ್ದು ಕೊಟ್ಟಾಗಿತ್ತು. ಇದು ಥರ್ಡ್ ಮಾಲಲ್ಲವೇನಪ್ಪ, ಅತ್ತೆಗೆ ಇದನ್ನೇ ಕೊಡುತ್ತೀಯಾ ಎಂದು ಕೇಳಿದೆ.

"ಯಾರು ಕೆರದು ನೋಡ್ತಾರಬೇ? ತಂಗಿ ಏನ್ ಗಿರಾಕೀನು?" ಎಂದ ಅಪ್ಪ, ಬ್ರಷ್ಷನ್ನು ಅದ್ದುತ್ತಲೇ.

ಚೌಕಟ್ಟು ನಿಲ್ಲಿಸುವ ಶಾಸ್ತ್ರಕ್ಕೆ ನಾವೆಲ್ಲ ದೇಶನೂರಿಗೆ ಹೋದೆವು. ಅರಿಸಿನ ಹತ್ತುವುದಿಲ್ಲವೆಂದು ಶಾಸ್ತ್ರಕ್ಕೆ ಮೊದಲು ಮರಕ್ಕೆ ಬಣ್ಣ ಹಿಡಿದಿಡುವ ಎಣ್ಣೆ ಹೊಡೆಯುವುದಿಲ್ಲ. ಅದು ಅಪ್ಪನಿಗೆ ಗೊತ್ತಿತ್ತು. ಅರಿಸಿನ ಹಚ್ಚುವ ಮುಂಚೆ ಮುತ್ತೈದೆಯರು ಚೌಕಟ್ಟಿಗೆ ತಲೆಯಿಂದ ಹೊಸ್ತಿಲವರೆಗೆ ನೀರೆರೆದು ತಿಕ್ಕುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಜೀವನವಿಡೀ ಬಾಗಿಲು ಮಾರಿದವನು. ಆದರೆ ಗಂಡಸರು ಬರುವುದು ಕಾಯಿ ಒಡೆಯುವ ಹೊತ್ತಿಗೆ; ಆ ದಿನ ಚೌಕಟ್ಟು ಕೊಟ್ಟವನೆಂದು ಅಪ್ಪ ಮೊದಲೇ ಬಂದು ನಿಂತಿದ್ದ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಮೊದಲ ತಂಬಿಗೆ ಎರೆದಳು. ಕೆಂಪು ನೀರು ಇಳಿಯಿತು. ಹೊಸ ಬಟ್ಟೆಯಿಂದ ಒರೆಸಿದಳು, ಬಟ್ಟೆ ಕೆಂಪಾಯಿತು, ಕಂಬ ಬಿಳಿಯಾಯಿತು. ಗಂಟಿನ ತೂತಿನಿಂದ ನೆಂದ ಪುಡಿ ಗಂಜಿಯ ಹಾಗೆ ಸುರಿಯಿತು. ಹಾಡು ಹೇಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಕಂಬ ನೋಡಿದರು. ಅತ್ತೆ ತಿರುಗಿ ಅಣ್ಣನನ್ನು ನೋಡಿದಳು. ಅಪ್ಪ ಗೌಂಡಿಯ ಹತ್ತಿರ ಸಿಮೆಂಟಿನ ವಿಷಯ ತೆಗೆದ.

"ಇದೇನವ್ವ, ನಿಮ್ಮ ತವರುಮನಿ ಬಾಕ್ಲ ಬಣ್ಣ ಬಿಡಾಕತ್ತೈತಿ?" ಎಂದಳು ಸಿದ್ದಮ್ಮ.

"ಗೆದ್ಲ ಹತ್ತಬಾರದಂತ ನಮ್ಮಣ್ಣ ಔಷಧ ಹಚ್ಚ್ಯಾನ್ರಿ ಅತ್ತಿ. ಮದಲು ಹಂಗ ಬಿಡತೈತಿ."

ಹೇಳಿದವಳೇ ಬಟ್ಟಲಿನಲ್ಲಿದ್ದ ಅರಿಸಿನವನ್ನೆಲ್ಲ ಬಾಚಿ ಬಾಚಿ ಬಳಿದಳು, ಬಿಳಿಯೂ ಕಾಣದಂತೆ, ಗಂಟೂ ಕಾಣದಂತೆ. ಬಗ್ಗಿ ಹೊಸ್ತಿಲಿಗೂ ಹಚ್ಚಿದಳು. ಸಿದ್ದಮ್ಮ ಮೂಗಿನಲ್ಲಿ ಹುಂ ಎಂದಳು.

ಊಟಕ್ಕೆ ಕುಳಿತಾಗ ಅತ್ತೆ ಅದೇ ಕೈಯಿಂದ ಅಣ್ಣನಿಗೆ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಅಪ್ಪ ಚಪ್ಪರಿಸಿ ತಿಂದ, ಇನ್ನೊಂದು ಹಾಕು ಎಂದ. ಬೆರಳುಗಳನ್ನು ಒಂದೊಂದಾಗಿ ನೆಕ್ಕಿದ. ನಾನು ಅರ್ಧಕ್ಕೇ ಎಲೆ ಮಡಚಿದೆ. ಎದ್ದು ಹೋಗಿ ಕಾಲುವೆಯ ದಂಡೆಯಲ್ಲಿ ವಾಂತಿ ಮಾಡಿಕೊಂಡೆ. ವಾಪಸು ಬರುವಾಗ ಜೀಪಿನಲ್ಲಿ ಅಪ್ಪ ಅವ್ವನಿಗೆ ಹೇಳಿದ, ನಮ್ಮ ಗಿರಿಜ ಜಾಣೆ, ಹೆಂಗೆ ಸಂಭಾಳಿಸಿದಳು ನೋಡು ಎಂದು.

ಮರುವರ್ಷ ಆ ಕಂಬಕ್ಕೆ ಹುಳ ಬಿತ್ತು. ಉದುರಿದ ಪುಡಿಯನ್ನು ಸಿದ್ದಮ್ಮ ಏಳುವ ಮೊದಲೇ ಅತ್ತೆ ಗುಡಿಸಿ ಚೆಲ್ಲುತ್ತಿದ್ದಳಂತೆ.

ಈಗ ಅಡ್ಡೆಯಿಲ್ಲ. ತಮ್ಮ ಗಾಂಧಿನಗರದಲ್ಲಿ ಶೋರೂಮ್ ಇಟ್ಟಿದ್ದಾನೆ. ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ತೇಗದ ಗೆರೆ ಅಚ್ಚು ಹಾಕಿದ ಕಾಗದ. ಅಪ್ಪ ಕದ್ದು ಮಾಡಿದ್ದನ್ನು ಇವರು ಎಸಿ ಹಾಕಿಕೊಂಡು ಮಾಡುತ್ತಾರೆ. ಕೊಳ್ಳುವವರಿಗೂ ಒಳಗೇನಿದೆ ಎಂಬುದು ಬೇಕಿಲ್ಲ, ಯಾವ ಬಣ್ಣ ಎಂದಷ್ಟೇ ಕೇಳುತ್ತಾರೆ. ಒಳ್ಳೆಯ ತೇಗ ಇನ್ನೆಲ್ಲಿ ಎಂದು ಹಳಬರು ಹಲುಬುತ್ತಾರೆ. ಅದಕ್ಕಾಗಿ ನನಗೆ ಒಂದು ಹನಿ ಕಣ್ಣೀರೂ ಬರುವುದಿಲ್ಲ. ನಮ್ಮ ಮನೆ ಕಳೆದುಕೊಂಡದ್ದು ಬೇರೆ.

ಗಿರಿಜತ್ತೆ ಆಮೇಲೂ ಪಂಚಮಿಗೆ ಬಂದಳು, ಉಂಡಿ ಕಟ್ಟಿದಳು. ಅಪ್ಪ ಸೀರೆ ತೆಗೆಸಲು ಹೋದರೆ, ಇದ್ದಾವೆ ಬಿಡಣ್ಣ ಎನ್ನುತ್ತಿದ್ದಳು. ತನ್ನ ಮಗಳ ಮದುವೆಗೂ ಏನೂ ಕೇಳಲಿಲ್ಲ. ಆಸ್ಪತ್ರೆ ಸೇರಿದಾಗಲೂ ಕೇಳಲಿಲ್ಲ. ಅವಳು ತೀರಿಕೊಂಡ ದಿನ ಆ ತಲೆಬಾಗಿಲ ಮುಂದಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತ ಅಪ್ಪ, ಮಾತಾಡಿಸಲು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ:

"ನಮ್ಮ ತಂಗಿ ಭಾಳ ದೊಡ್ಡ ಮನಸ್ಸಿನಾಕಿ ಇದ್ಲರಿ. ಅಣ್ಣಾ, ನನಗಿದು ಕೊಡು ಅಂತ ಬಾಯಿ ಬಿಟ್ಟು ಕೇಳಿದಾಕೀನ ಅಲ್ಲ."