ಹಗೇವಿನ ದೊಡ್ಡವ್ವ

ನಮ್ಮೂರಲ್ಲಿ ಸುಳ್ಳು ಹೇಳುವವರಿಗೆ ಯಾವತ್ತೂ ಕೊರತೆಯಿರಲಿಲ್ಲ. ಆದರೂ ‘ಸುಳ್ಳ’ ಎಂಬ ಹೆಸರು ಅಂಟಿಕೊಂಡಿದ್ದು ಓಬಳೆಪ್ಪನೊಬ್ಬನಿಗೇ. ಬಾಯಿತಪ್ಪಿ ಕೂಡ ಸುಳ್ಳಾಡದ ಮನುಷ್ಯ ಅವನು. ನಮ್ಮೂರಿನ ನ್ಯಾಯವೇ ಹಾಗೆ.

ಅವನ ಕಸುಬು ಹಗೇವಿಗೆ ಇಳಿಯುವುದು. ಯಲಬುರ್ಗಾದ ಕಡೆ ಆಗ ನೆಲದಲ್ಲಿ ಆಳವಾದ ಗುಂಡಿ ತೋಡಿ, ಜೋಳ ತುಂಬಿ, ಮೇಲೆ ಹೊಟ್ಟು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚುತ್ತಿದ್ದರು. ತೆರೆದ ಕೂಡಲೇ ಇಳಿದರೆ ಒಳಗಿನ ಹಬೆಗೆ ಉಸಿರು ಕಟ್ಟುತ್ತದೆ. ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಓಬಳೆಪ್ಪ ಇಳಿಯುತ್ತಿದ್ದ. ಅಂಥದೊಂದು ಹಗೇವಿನಲ್ಲೇ ಅವನಿಗೆ ಒಂದು ಚೇಳಿನ ಪರಿಚಯವಾಗಿದ್ದು. ಮೊಳದುದ್ದ, ಎಮ್ಮೆಗಪ್ಪು. ಅದಕ್ಕೆ ‘ದೊಡ್ಡವ್ವ’ ಎಂದು ಹೆಸರನ್ನೂ ಇಟ್ಟಿದ್ದ.

“ಅಕಿಗೆ ಕಣ್ಣು ನೆಟ್ಟಗ ಕಾಣಂಗಿಲ್ರಿ,” ಎಂದು ಚಾವಡಿಯಲ್ಲಿ ಹೇಳುತ್ತಿದ್ದ. “ನೆಲ ಅದುರಿದ್ದು ಕಾಲಿಗೆ ತಿಳದು ನನ್ನ ಗುರುತು ಹಿಡೀತಾಳ. ಒಂದು ಇಲಿ ತಿಂದ್ರ ವರ್ಸೊಪ್ಪತ್ತು ಉಪಾಸ ಇರ್ತಾಳ, ನೀರಂತೂ ಬೇಕಾಗಂಗಿಲ್ಲ. ಮುಂಗೈ ಎಷ್ಟು ದೊಡ್ಡವೋ ಕೊಂಡಿ ಅಷ್ಟ ಬಡವಿ. ನನಗ ಏಳು ಸಲ ಕಡದಾಳ. ಇರುವಿ ಕಡದಂಗ ಆತು, ಅಷ್ಟ.”

ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಹೆಂಡತಿ ಹುಲಗಮ್ಮನೂ ನಂಬಲಿಲ್ಲ. “ಹಬಿ ತಲಿಗೇರಿ ಏನೇನೋ ಕಾಣತೈತಿ ನಿಮಗ. ಮಜ್ಜಗಿ ಕುಡದು ಮಲಕೊಳ್ರಿ,” ಎನ್ನುತ್ತಿದ್ದಳು. ಗಂಡು ಚೇಳು ಹೆಣ್ಣಿನ ಕೈ ಹಿಡಿದು ಕುಣಿಸುತ್ತದೆ, ಕುಣಿತ ಮುಗಿದ ಮೇಲೆ ಓಡಿಹೋಗದಿದ್ದರೆ ಅವಳ ಊಟವಾಗುತ್ತದೆ ಎಂದು ಅವನು ಹೇಳಿದಾಗ ಮಾತ್ರ, “ಛಲೋ ಆತು ಬಿಡ್ರಿ, ಹೆಂಡ್ತಿ ಮಾತು ಕೇಳಲಾರದ ಗಂಡಸರಿಗೆ ಹಂಗ ಆಗಬೇಕು,” ಎಂದಿದ್ದಳು. ಲೋಕ ನಗಲಿ, ಮನೆಯವಳೂ ನಂಬುವುದಿಲ್ಲವಲ್ಲ ಎಂಬ ಸಂಕಟ ಇಪ್ಪತ್ತು ವರ್ಷ ಅವನನ್ನು ತಿಂದಿತು.

ಯುದ್ಧದ ಕಾಲ ಬಂತು. ಸರ್ಕಾರಕ್ಕೆ ಕಡ್ಡಾಯದ ಲೆವಿ ಜೋಳ ಅಳೆದುಕೊಟ್ಟ ಮೇಲೆ ಊರಿಗೆ ಉಳಿದಿದ್ದು ಒಂದೇ ಹಗೇವು. ಮುಂದಿನ ಸುಗ್ಗಿಯವರೆಗೆ ಎಲ್ಲರ ಮನೆಯ ರೊಟ್ಟಿ ಅದರಲ್ಲಿತ್ತು. ಅಷ್ಟರಲ್ಲಿ ಕಂದಾಯ ಇಲಾಖೆಯ ಗಿರ್ದಾವರ ದೇವೇಂದ್ರಪ್ಪ ಇಬ್ಬರು ಜವಾನರನ್ನು ಕರೆದುಕೊಂಡು, ಬಚ್ಚಿಟ್ಟ ಜೋಳ ಇದೆಯೇ ಎಂದು ಇನ್ನೊಮ್ಮೆ ಹುಡುಕಲು ಬಂದ.

ಊರ ಹಿರಿಯ ದುರಗಪ್ಪನಿಗೆ ಏನು ಹೇಳಬೇಕೋ ತೋಚಲಿಲ್ಲ. ಓಬಳೆಪ್ಪನ ಕಥೆಯನ್ನೇ ಎತ್ತಿಕೊಂಡ. “ಅದು ಖಾಲಿ ಹಗೇವ್ರಿ ಸಾಹೇಬ್ರ. ಮೊಳದುದ್ದದ ಚೇಳು ಸೇರಕೊಂಡೈತಿ, ಅದಕ್ಕ ಮುಚ್ಚಿ ಬಿಟ್ಟೀವಿ.”

ಗಿರ್ದಾವರ ನಕ್ಕು ಚಪ್ಪಡಿ ತೆಗೆಸಿದ. ಮಧ್ಯಾಹ್ನ ಹಬೆ ಹೋದ ಮೇಲೆ ಕಂದೀಲು ಇಳಿಬಿಟ್ಟು, ಬೋರಲಾಗಿ ಮಲಗಿ ಒಳಗೆ ಇಣುಕಿದ. ಹೊಟ್ಟಿನ ಮೇಲೆ ದೊಡ್ಡವ್ವ ಕುಳಿತಿದ್ದಳು. ಬಾಣಂತಿ. ಬೆನ್ನ ತುಂಬ ಬೆಳ್ಳಗಿನ ಮೂವತ್ತು ನಲವತ್ತು ಮರಿಗಳು. ಬೆಳಕು ಬಿದ್ದ ಕೂಡಲೇ ಕಾಲು ಉಜ್ಜಿ ಬುಸ್ ಎಂದಳು. ಗಿರ್ದಾವರ ಹಿಂದಕ್ಕೆ ಹಾರಿದ ಭರಕ್ಕೆ ಅವನ ತಲೆಯ ರುಮಾಲು ಹಗೇವಿನೊಳಗೆ ಬಿತ್ತು. ಇಣುಕಿ ನೋಡಿದ ದುರಗಪ್ಪನಂತೂ, ತನ್ನ ಸುಳ್ಳು ನಿಜವಾದದ್ದು ಕಂಡು ಗಿರ್ದಾವರನಿಗಿಂತ ಎರಡು ಹೆಜ್ಜೆ ಹೆಚ್ಚೇ ಹಿಂದಕ್ಕೆ ಹಾರಿದ.

ಹೊಟ್ಟಿನ ಕೆಳಗೆ ಕೋಲಾಡಿಸಿ ನೋಡಿ ಎಂದರೆ ಜವಾನರು ಹತ್ತು ಹೆಜ್ಜೆ ಹಿಂದೆ ಸರಿದರು. ಗಿರ್ದಾವರ ಕೇಳಿದ, “ದಿನಾ ಇದರಾಗ ಇಳಿಯಾಂವ ಯಾರು?” ಎಲ್ಲರ ಬೆರಳೂ ಓಬಳೆಪ್ಪನ ಕಡೆ ತಿರುಗಿದವು.

“ಇದು ಕಡದ್ರ ಮನಿಷ್ಯಾ ಸಾಯ್ತಾನೇನೋ?”

ಅಷ್ಟರಲ್ಲಿ ಊರೆಲ್ಲ ಹಗೇವಿನ ಸುತ್ತ ನೆರೆದಿತ್ತು. ಇಪ್ಪತ್ತು ವರ್ಷ ಹೇಳುತ್ತ ಬಂದ ನಿಜ ಓಬಳೆಪ್ಪನ ನಾಲಿಗೆ ತುದಿಗೆ ಬಂದು ನಿಂತಿತ್ತು. ಅದನ್ನು ಹೇಳಿದರೆ ಜವಾನರು ಇಳಿಯುತ್ತಾರೆ, ಜೋಳ ಹೋಗುತ್ತದೆ. ಹೇಳದಿದ್ದರೆ ಬಾಣಂತಿಯ ಮೇಲೆ ಅಪವಾದ ಹೊರಿಸಿದಂತೆ. ಅವನು ಹಗೇವಿನ ಕಡೆ ಒಮ್ಮೆ, ಹುಲಗಮ್ಮನ ಕಡೆ ಒಮ್ಮೆ ನೋಡಿದ.

“ಸಾಯ್ತಾನ್ರಿ,” ಎಂದ. “ನೀರು ಕೇಳೂದ್ರಾಗ ಸಾಯ್ತಾನ.”

ಗಿರ್ದಾವರ ತಕ್ಷಣ ನಂಬಿದ. ಹಗೇವು ಖಾಲಿ ಎಂದು ಬರೆದು, ರುಮಾಲು ಅಲ್ಲೇ ಬಿಟ್ಟು ಹೊರಟುಹೋದ.

ಅಂದು ಓಬಳೆಪ್ಪ ರೊಟ್ಟಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಚಾವಡಿಗೆ ಹೋಗಿ, “ನಾ ನಿನ್ನಿ ಹೇಳಿದ್ದು ಸುಳ್ಳು. ಅಕಿ ಕಡದ್ರ ಏನೂ ಆಗಂಗಿಲ್ಲ,” ಎಂದ.

“ನೋಡ್ರಿ, ಮತ್ತ ಶುರು ಮಾಡಿದ ಸುಳ್ಳ!” ಎಂದು ದುರಗಪ್ಪ ನಕ್ಕ.

ಓಬಳೆಪ್ಪನ ಸಿಟ್ಟು ನೆತ್ತಿಗೇರಿತು. ಹಗೇವಿಗೆ ಇಳಿದು, ಗಿರ್ದಾವರನ ರುಮಾಲಿನ ಮೇಲೆಯೇ ದೊಡ್ಡವ್ವನನ್ನು ಮಕ್ಕಳ ಸಮೇತ ಹೊತ್ತು ತಂದ. ಜನ ಹೆದರಿ ಚಾವಡಿ ಕಟ್ಟೆ ಹತ್ತಿದರು. ಮರಿಗಳ ಕಡೆ ಹೆಬ್ಬೆರಳು ಚಾಚಿದ. ಅವಳು ಕುಟುಕಿದಳು. ಅವನು ಹೆಬ್ಬೆರಳೆತ್ತಿ ಎಲ್ಲರಿಗೂ ತೋರಿಸಿದ.

ಕರಿಯವ್ವ ಎಂಬ ಮುದುಕಿ ಓಡಿಬಂದು ಅವನ ಕಾಲಿಗೆ ಬಿದ್ದಳು. “ಎಂಥಾ ಮಂತ್ರ ಕಲ್ತಿ ನನ್ನಪ್ಪಾ! ಸತ್ತ ಹೋಗಬೇಕಿತ್ತಲ್ಲೋ!” ಹಿಂದೆಯೇ ಊರೆಲ್ಲ ಕೈಮುಗಿಯಿತು. ಓಬಳೆಪ್ಪ ಅಳುವುದೊಂದು ಬಾಕಿ.

ಆಗ ಹುಲಗಮ್ಮ ಜನರನ್ನು ಸರಿಸಿ ಮುಂದೆ ಬಂದಳು. ತನ್ನ ಬೆರಳನ್ನು ದೊಡ್ಡವ್ವನ ಮುಂದೆ ಚಾಚಿದಳು. ಕುಟುಕಿಸಿಕೊಂಡು, ಬೆರಳನ್ನು ಬಾಯಲ್ಲಿಟ್ಟು ಚೀಪಿದಳು.

“ಇರುವಿಗಿಂತ ತುಸು ಜೋರ ಐತ್ರಿ,” ಎಂದಳು. “ಇಪ್ಪತ್ತು ವರ್ಸ ನನಗ ಹೇಳಿದ್ರಾಗ ಸುಳ್ಳು ಅಂದ್ರ ಅಷ್ಟ.”

ಓಬಳೆಪ್ಪ ಮನೆಗೆ ಬಂದು ಎರಡು ದಿನದ ರೊಟ್ಟಿ ಒಂದೇ ಸಲ ತಿಂದ.