ಬೈಂದೂರಿನಲ್ಲಿ ಇಳಿದ ಚಿಕ್ಕಿ

ಕುಂದಾಪುರದ ಬಸ್ ನಿಲ್ದಾಣದಲ್ಲಿ ಹೊಸದಾಗಿ ಒಂದು ನಕ್ಷೆ ನಿಲ್ಲಿಸಿದ್ದಾರೆ. ಎಡಕ್ಕೆ ನೀಲಿ ಸಮುದ್ರ, ಬಲಕ್ಕೆ ಹಸಿರು ಘಟ್ಟ, ನಡುವೆ ಬ್ರಹ್ಮಾವರದಿಂದ ಶಿರೂರಿನ ತನಕ ಹೆದ್ದಾರಿಯ ಕೆಂಪು ಗೆರೆ. ಗೆರೆಯ ಆಚೀಚೆ ಹಳದಿ ಚುಕ್ಕೆಗಳು: ಬಾರ್ಕೂರು, ಕೋಡಿ, ಮರವಂತೆ, ಕೊಲ್ಲೂರು, ಒತ್ತಿನೆಣೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಬಸ್ಸಿಗೆ ಕಾಯುತ್ತಿದ್ದ ನಾನು ಅದರೆದುರು ಹೋಗಿ ನಿಂತೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ, ನಾನಂತೂ ಮೊದಲು ಹುಡುಕಿದ್ದು ನಮ್ಮ ಬಸ್ರೂರನ್ನು. ಇತ್ತು. ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣದಾಗಿ ಇತ್ತು.

ಈ ಚುಕ್ಕೆಗಳಲ್ಲಿ ಒಂದನ್ನೂ ಸರಿಯಾಗಿ ನೋಡದೆ ನನ್ನ ಆಯುಷ್ಯ ಕಳೆದುಹೋಗುತ್ತಿತ್ತು. ನಾನು ಹುಟ್ಟಿದ್ದು ಬಸ್ರೂರಿನಲ್ಲಿ, ಮದುವೆಯಾಗಿ ಹೋದದ್ದೂ ಬಸ್ರೂರಿಗೇ. ದಿಬ್ಬಣ ನಡೆದುಕೊಂಡೇ ಹೋಯಿತು. ಕೆಲಸ ಕುಂದಾಪುರದ ಒಂದು ಜವಳಿ ಅಂಗಡಿಯಲ್ಲಿ. ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಚುವುದು. ಕೊಲ್ಲೂರಿಗೆ ಬಂದ ಕೇರಳದವರು, ಬೀಚಿಗೆ ಬಂದ ಪುಣೆಯವರು ಸೀರೆ ನೋಡುತ್ತ, ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳುತ್ತಿದ್ದರು. ಪಕ್ಕದ ಕೌಂಟರಿನ ಹುಡುಗಿ ಹೇಳಿದ್ದನ್ನೇ ನಾನೂ ಹೇಳಿಬಿಡುತ್ತಿದ್ದೆ. ಭಾನುವಾರ ಬಂತೆಂದರೆ ನನಗೆ ಬೇಕಾಗಿದ್ದದ್ದು ಒಂದು ಕುರ್ಚಿ, ಎದುರಿಗೆ ಕಾಲು ಚಾಚಲು ಇನ್ನೊಂದು.

ಆ ಎರಡನೆಯ ಕುರ್ಚಿಯನ್ನು ಕಾಲಡಿಯಿಂದ ಎಳೆದು ತೆಗೆದವಳು ಜಲಜ ಚಿಕ್ಕಿ.

ಚಿಕ್ಕಿ ಅಂದರೆ ನನ್ನ ಅಮ್ಮನ ತಂಗಿ. ಗಂಡ ತೀರಿಕೊಂಡಾಗ ಅವಳ ಮಗ ರವಿಗೆ ಇನ್ನೂ ಮಾತು ಬಂದಿರಲಿಲ್ಲ. ಅವನನ್ನು ನನ್ನ ಅಮ್ಮನ ಮಡಿಲಿಗೆ ಹಾಕಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಸುಟ್ಟು ಒಡೆದ ಬೀಜದ ಮೇಲಿನ ತೆಳ್ಳನೆಯ ಸಿಪ್ಪೆಯನ್ನು ಸಣ್ಣ ಚೂರಿಯಿಂದ ಸುಲಿಯುವ ಕೆಲಸ. ಬೀಜ ತುಂಡಾಗಬಾರದು. ತಗ್ಗು ಮಣೆಯ ಮೇಲೆ ಬೆಳಿಗ್ಗೆ ಕೂತರೆ ಸಂಜೆಗೇ ಏಳುವುದು. ಹಾಗೆ ಕೂತೇ ಮಗನನ್ನು ಓದಿಸಿದಳು. ಅವನು ಮುಂಬೈಗೆ ಹೋಗಿ, ಹೋಟೆಲಿನಲ್ಲಿ ಮೇಜು ಒರೆಸಿ, ಡೊಂಬಿವಲಿಯಲ್ಲಿ ತನ್ನದೇ ತಿಂಡಿ ಅಂಗಡಿ ಇಟ್ಟ. ಚಿಕ್ಕಿ ಮಾತ್ರ ಮಣೆ ಬಿಡಲಿಲ್ಲ. ಕೊನೆಗೆ ಸಿಪ್ಪೆ ಸುಲಿಯುವ ಯಂತ್ರ ಬಂತು. ಹೆಂಗಸರಿಗೆಲ್ಲ ಒಂದು ಸೀರೆ, ಒಂದು ಡಬ್ಬಿ ಸಿಹಿ ಕೊಟ್ಟು ಕಳಿಸಿದರು.

ಅವಳಿದ್ದ ನನ್ನ ತವರುಮನೆಯಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಪಾಪ, ಇನ್ನಾದರೂ ಕೂತು ವಿಶ್ರಾಂತಿ ತೆಗೆದುಕೊಳ್ಳಲಿ. ಆದರೆ ಚಿಕ್ಕಿ ಕೂರುವುದನ್ನೇ ಬಿಟ್ಟುಬಿಟ್ಟಳು. ಊಟವನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮಾಡುತ್ತಿದ್ದಳು. ಅಂಗಳಕ್ಕೆ ಹೋಗುವಳು, ಬರುವಳು. ಹೊಳೆಯ ದಂಡೆಗೆ ಹೋಗುವಳು, ಬರುವಳು. ಹಿಂದೆ ದೇಶದೇಶದ ಹಡಗು ಬರುತ್ತಿತ್ತೆಂದು ಹೇಳುವ ನಮ್ಮೂರಿನ ಹೊಳೆಯಲ್ಲಿ ಈಗ ಮರಳು, ಹೆಚ್ಚೆಂದರೆ ಒಂದು ದೋಣಿ. ಅದನ್ನು ಎಷ್ಟು ಹೊತ್ತು ನೋಡುವುದು?

ಅಷ್ಟರಲ್ಲಿ ರವಿ ಫೋನ್ ಮಾಡಿ, ದೀಪಾವಳಿ ಕಳೆದ ಮೇಲೆ ಅಬ್ಬಿಯನ್ನು, ಅಂದರೆ ಅವನ ಅಮ್ಮನನ್ನು, ಮುಂಬೈಗೆ ಕಳಿಸಿ, ಇನ್ನು ಅಲ್ಲೇ ಇರಲಿ ಎಂದ. ಚಿಕ್ಕಿ ಬೇಡವೆನ್ನಲಿಲ್ಲ. ಫೋನಿಟ್ಟು ನನ್ನ ಹತ್ತಿರ ಬಂದಳು.

"ಏ ಹೆಣೆ, ಹೋಪು ಮುಂಚೆ ನಮ್ಮೂರ್ ಒಂದ್ಸಲ ಕಾಣ್ಕ್ ನಂಗೆ."

"ಊರ್ ಕಾಂಬುಕ್ ಎಂತ ಇತ್, ಚಿಕ್ಕಿ? ಹುಟ್ಟಿದಲ್ಲಿಂದ ಕಾಂತಾ ಇದ್ದಿ."

"ಬಸ್ಸಿನ್ ಕಿಟ್ಕಿಯಂಗ್ ಕಂಡದ್ದ್ ಕಂಡಾಂಗ್ ಆತ್ತಾ? ಎಲ್ಲೆಲ್ಲಿಂದ್ಲೋ ಜನ ಕಾರ್ ಮಾಡ್ಕಂಡ್ ಬತ್ತ್ರ್. ಅವ್ರ್ ಎಂತ ಕಾಂತ್ರ್ ಅಂದೇಳಿ ನಾನೂ ಕಾಣ್ಕ್."

ಹೀಗೆ ನನ್ನ ಭಾನುವಾರಗಳು ಹೋದವು.

ಮೊದಲು ಕೋಡಿ. ದೀಪಸ್ತಂಭ ನೋಡಿ, ಕಲ್ಲಿನ ಕಟ್ಟೆಯ ಮೇಲೆ ತುದಿಯವರೆಗೂ ನಡೆದೆವು. ಘಟ್ಟದಿಂದ ಬೇರೆ ಬೇರೆಯಾಗಿ ಇಳಿದ ಐದು ನದಿಗಳು ಅಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ಜನ ಅದಕ್ಕೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಅಲ್ಲೇ ಕಲ್ಲಿನ ಮೇಲೆ ಕೂರಬೇಕೆನಿಸಿತು. ಚಿಕ್ಕಿ ಮಾತ್ರ ಆಚೆ ದಡದ ಗಂಗೊಳ್ಳಿಯ ದೋಣಿಗಳನ್ನು ತೋರಿಸಿ, "ಅಲ್ಲಿಗ್ ಹೋಪ" ಅಂದಳು. ಕಣ್ಣಿಗೆ ಹತ್ತಿರ ಕಂಡರೂ ರಸ್ತೆಯಲ್ಲಿ ಹೋಗಬೇಕಾದರೆ ಸೇತುವೆ ಮೇಲೆ ಸೇತುವೆ ದಾಟಿ ಸುತ್ತಬೇಕು. ಸುತ್ತಿದೆವು. ಬಂದರಿನಲ್ಲಿ ಮೀನಿನ ಮೇಲೆ ಮಂಜುಗಡ್ಡೆ ಪುಡಿ ಹಾಕುತ್ತಿದ್ದರು. ಬುಟ್ಟಿಗಳ ನಡುವೆ ಹೆಂಗಸರು ಬೈದಾಡುತ್ತ, ನಗುತ್ತ ಓಡಾಡುತ್ತಿದ್ದರು. ಚಿಕ್ಕಿ ಅವರಲ್ಲೊಬ್ಬಳನ್ನು ಕರೆದು, "ಹ್ವಾಯ್, ಇಲ್ಲಿ ನಂಗೊಂದ್ ಕೆಲ್ಸ ಸಿಕ್ಕುತ್ತಾ?" ಎಂದು ಕೇಳಿಯೇಬಿಟ್ಟಳು. ನಾನು ನಾಚಿಕೊಂಡು ಮಂಜುಗಡ್ಡೆಯ ಕಡೆ ತಿರುಗಿ ನಿಂತೆ.

ಬಾರ್ಕೂರಿನಲ್ಲಿ ಹಾಗಾಗಲಿಲ್ಲ. ಅರಸರ ರಾಜಧಾನಿಯಾಗಿತ್ತೆಂದು ನಾನು ಭಕ್ತಿಯಿಂದ ಹಳೆಯ ಬಸದಿಯ ಕಲ್ಲುಕಂಬಗಳನ್ನು ತೋರಿಸಿದೆ. ಚಿಕ್ಕಿ ಒಂದು ಕಂಬವನ್ನು ಮುಟ್ಟಿ ನೋಡಿದಳು.

"ರಾಜ ಇಲ್ಲೇ ಇದ್ದಿದ್ನಾ?"

"ಹೌದಂಬ್ರ್."

"ಈಗಿಲ್ಲ ಅಲ್ದಾ? ಹಾಂಗಾರ್ ಹೋಪ."

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಎಲ್ಲೆಲ್ಲಿಂದಲೋ ಬಂದವರು ಕಾರು ನಿಲ್ಲಿಸಿ ಬೆರಗಾಗುವ ಜಾಗ. ಚಿಕ್ಕಿ ರಸ್ತೆ ದಾಟಿ ಹೊಳೆ ನೋಡುವಳು, ಮತ್ತೆ ದಾಟಿ ಕಡಲು ನೋಡುವಳು. ಲಾರಿಗಳ ಹಾರನ್ನಿಗೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಸೆರಗು ಹಿಡಿದು ನಿಲ್ಲಿಸಿ ಗದರಿದೆ. ಅವಳು ಬಿಡಿಸಿಕೊಳ್ಳದೆ ಸುಮ್ಮನೆ ಹೇಳಿದಳು: "ಇಷ್ಟ್ ವರ್ಷ ಇದೆಲ್ಲ ಇಲ್ಲೇ ಇತ್ತಲೆ, ಹೆಣೆ. ನಾನೇ ಇರ್ಲಿಲ್ಲೆ."

ನಾನು ಸೆರಗು ಬಿಟ್ಟೆ.

ಕೊನೆಯ ಭಾನುವಾರ ಒತ್ತಿನೆಣೆಗೆ ಹೋದೆವು. ಬೈಂದೂರಿನ ಹತ್ತಿರ, ಗುಡ್ಡದ ಮೇಲೆ ನಿಂತರೆ ಕೆಳಗೆ ಸೋಮೇಶ್ವರದ ಬೀಚು, ಅದರ ಅಂಚಿಗೆ ಬಳುಕಿ ಬಂದು ಕಡಲಿಗೆ ಬೀಳುವ ಹೊಳೆ. ಗಾಳಿ ಎಷ್ಟಿತ್ತೆಂದರೆ ಮಾತಾಡಿದ್ದು ಕೇಳುತ್ತಿರಲಿಲ್ಲ. ಇಳಿದು ಬರುವಾಗ ಇಬ್ಬರಿಗೂ ಹಸಿವೆ. ಪಕ್ಕದ ಯಡ್ತರೆಯಲ್ಲಿ ಶಾರದಕ್ಕ ಎನ್ನುವವರು ತಮ್ಮ ಮನೆಯ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ಮುಂದಿನ ಚಾವಡಿಯಲ್ಲಿ ಊಟ ಹಾಕುತ್ತಿದ್ದರು. ನಾವು ಕೂತ ಕೂಡಲೇ ಕೊಲ್ಲೂರಿನಿಂದ ವಾಪಸಾಗುತ್ತಿದ್ದ ಕೇರಳದವರ ಒಂದು ಟೆಂಪೊ ಬಂದು ನಿಂತಿತು. ಚಾವಡಿ ತುಂಬಿತು. ಶಾರದಕ್ಕ ಒಬ್ಬರೇ, ಅಡುಗೆಗೂ ಅವರೇ, ಬಡಿಸುವುದಕ್ಕೂ ಅವರೇ.

ನನ್ನ ಎಲೆಗೆ ಅನ್ನ ಬರುವಷ್ಟರಲ್ಲಿ ಪಕ್ಕದ ಎಲೆಯ ಮುಂದೆ ಚಿಕ್ಕಿ ಇಲ್ಲ. ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾರಿನ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದಾಳೆ. ಕೇರಳದವರು ಮಲಯಾಳದಲ್ಲಿ ಕೇಳುತ್ತಾರೆ, ಅವಳು ಕುಂದಾಪ್ರ ಕನ್ನಡದಲ್ಲಿ ಜೋರು ಮಾಡುತ್ತಾಳೆ, ಯಾರಿಗೂ ಏನೂ ತೊಂದರೆಯಾಗಲಿಲ್ಲ. ನಾನು ತಲೆ ತಗ್ಗಿಸಿ ಉಂಡೆ. ಕೈ ತೊಳೆಯುವಾಗ ಶಾರದಕ್ಕ ನನ್ನ ಕಡೆ ತಿರುಗಿ, "ನಿಮ್ ಚಿಕ್ಕಮ್ಮನಾಂಗಿನೋರ್ ಒಬ್ರ್ ನಂಗೆ ಇಲ್ಲಿ ಇದ್ದಿದ್ರೆ!" ಅಂದರು. ಸೌಜನ್ಯದ ಮಾತೆಂದುಕೊಂಡು ನಕ್ಕೆ. ಚಿಕ್ಕಿ ನಗಲಿಲ್ಲ.

ದೀಪಾವಳಿ ಕಳೆಯಿತು. ಮಧ್ಯಾಹ್ನದ ರೈಲಿಗೆ ಅವಳನ್ನು ಹತ್ತಿಸಲು ಕುಂದಾಪುರದ ಸ್ಟೇಷನ್ನಿಗೆ ನಾನೇ ಹೋದೆ. ಒಂದು ಬ್ಯಾಗು, ಮೊಮ್ಮಗನಿಗೆಂದು ಹಲಸಿನ ಹಪ್ಪಳದ ಡಬ್ಬಿ. ಕಿಟಕಿಯ ಪಕ್ಕ ಕೂರಿಸಿದೆ. ಎದುರಿನ ಸೀಟಿನ ದಂಪತಿಗೆ ಸ್ವಲ್ಪ ನೋಡಿಕೊಳ್ಳಿ ಎಂದೆ. ಚಿಕ್ಕಿ ಮಂಡಿಯ ಮೇಲೆ ಎರಡೂ ಕೈಯಿಟ್ಟು, ಪರೀಕ್ಷೆಗೆ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ರೈಲು ಹೊರಟಾಗ ಕೈ ಬೀಸಲಿಲ್ಲ. ನಾನು ಅತ್ತುಕೊಂಡು ಅಂಗಡಿಗೆ ಬಂದೆ, ಒಬ್ಬರಿಗೆ ಸೀರೆ ಬಿಚ್ಚಿ ತೋರಿಸಲು ಶುರುಮಾಡಿದೆ. ಫೋನ್ ಬಂತು.

"ಹ್ವಾಯ್, ನಾನ್ ಬೈಂದೂರಂಗ್ ಇಳ್ದೆ."

"ಎಂತ? ಎಂತಕ್ಕೆ? ನೀರ್ ಕುಡುಕ್ ಇಳ್ದ್ಯಾ? ರೈಲ್ ಎಲ್ಲಿತ್?"

"ರೈಲ್ ಹೋಯ್ತ್. ನಾನ್ ಶಾರದಕ್ಕನ್ ಮನಿಗ್ ಹೋತೆ. ನೀ ಹೆದ್ರಬೇಡ."

ಗಿರಾಕಿ ಹೆಂಗಸು, "ಈ ಬಣ್ಣ ಬೇಡ" ಅನ್ನುತ್ತಿದ್ದರು. ನಾನು ಅದನ್ನೇ ಮತ್ತೆ ಮತ್ತೆ ಬಿಚ್ಚುತ್ತಿದ್ದೆನಂತೆ.

ಸಂಜೆ ರವಿಯ ಕರೆ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಅಬ್ಬಿಗೆ ನೀನೇ ಹೇಳ್ಕೊಟ್ಟದ್ದ್! ಊರೆಲ್ಲ ತಿರ್ಗ್ಸಿ ತಲಿ ಕೆಡ್ಸದ್ದ್ ನೀನೇ! ಮಗ ಸಾಕ್ಲಿಲ್ಲ ಅಂಬ್ರ್ ಜನ, ಗೊತ್ತಿತ್ತಾ?" ಆಮೇಲೆ ಅವನ ದನಿ ಇಳಿಯಿತು. "ನಾ ಅವ್ಳಿಗಂದೇಳಿ ಹೊಸ ಮಂಚ ತಂದ್ ಹಾಕಿದ್ದೆ." ಆ ಮಂಚ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಇಕ್ಕಟ್ಟಿನ ಮನೆಯಲ್ಲಿ ಯಾವುದನ್ನೋ ಸರಿಸಿ, ಇನ್ನೇನನ್ನೋ ಹೊರಗಿಟ್ಟು, ಗೋಡೆಗೆ ತಾಗಿಸಿ ಹಾಕಿದ್ದು.

ಮರುದಿನ ರಜೆ ಹಾಕಿ ಚಿಕ್ಕಿಯನ್ನು ಕರೆತರಲು ಹೋದೆ. ಅಮ್ಮ, ಎಳೆದುಕೊಂಡಾದರೂ ಬಾ ಎಂದಿದ್ದರು. ಚಿಕ್ಕಿ ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಳು. ನಾನು ಮಂಚದ ಸಂಗತಿ ಹೇಳಿದೆ. ಅವಳ ಕೈ ನಿಂತಿತು.

"ಮಂಚ ತಂದ್ನಾ?" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ರೈಲಂಗೆ ಕೂಕಂಡೆ ಅಲ್ದಾ, ಕಾಲ್ ಜುಂ ಅಂತ್. ಫ್ಯಾಕ್ಟ್ರಿಯಂಗ್ ಆಪುದಿತ್ತಲೆ, ಹಾಂಗೇ. ಇಲ್ಲಿಂದ್ ಮುಂಬೈಗೆ ಕೂಕಂಡ್ ಹೋಪುದ್, ಅಲ್ ಹೋಯಿ ಮತ್ ಕೂಕಂಬುದ್. ಅವ್ನ್ ಒಳ್ಳೆದಕ್ಕೇ ಕರ್ದದ್ದ್, ನಂಗ್ ಗೊತ್ತಿತ್. ಆರೆ ನಂಗ್ ಆತಿಲ್ಲೆ, ಹೆಣೆ. ಬೈಂದೂರ್ ಬಂತ್, ಕಾಲ್ ಇಳೀತ್."

"ರವಿಗ್ ಎಂತ ಹೇಳ್ಲಿ?"

"ನಾನೇ ಹೇಳ್ತೆ. ನೀ ಉಂಡ್ಕಂಡ್ ಹೋಗ್."

ಹೇಳಿದಳೋ, ಹೇಗೆ ಹೇಳಿದಳೋ ನನಗೆ ಗೊತ್ತಿಲ್ಲ. ರವಿ ಮಾತ್ರ ತಿಂಗಳುಗಟ್ಟಲೆ ನನ್ನ ಫೋನ್ ಎತ್ತಲಿಲ್ಲ. ಬಸ್ರೂರಿನಲ್ಲಿ ಜನ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು: ಈ ವಯಸ್ಸಲ್ಲಿ ಕಂಡವರ ಮನೆಯಲ್ಲಿ ಅಡುಗೆಗೆ ನಿಂತಳಂತಲ್ಲ? ಉತ್ತರ ಕೊಡದೆ ದಾಟಿಕೊಂಡು ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಆದರೂ ಬಸ್ಸಿನಲ್ಲಿ ಕೂತಾಗ ಅದನ್ನೇ ಯೋಚಿಸುತ್ತಿದ್ದೆ. ರವಿ ಬೈದದ್ದರಲ್ಲಿ ನಿಜ ಎಷ್ಟೋ ಏನೋ.

ಮುಂದಿನ ಬೇಸಿಗೆ ರಜೆಯಲ್ಲಿ ಅವನು ಹೆಂಡತಿ, ಮಗನ ಜೊತೆ ಬಂದ. ಮುಖ ಊದಿಸಿಕೊಂಡೇ ನನ್ನನ್ನೂ ಕರೆದುಕೊಂಡು ಯಡ್ತರೆಗೆ ಹೋದ. ಚಿಕ್ಕಿ ನಮ್ಮನ್ನು ಬಂದ ಗಿರಾಕಿಗಳ ಜೊತೆ ಪಂಕ್ತಿಯಲ್ಲೇ ಕೂರಿಸಿದಳು. ರವಿಗೆ ಮೀನಿನ ಗಸಿ ಬಡಿಸಿ, ಮುಂದಿನ ಎಲೆಗೆ ಹೋಗಿಬಿಟ್ಟಳು. ದಿನವೂ ಗಿರಾಕಿಗಳ ಮುಂದೆ ತಟ್ಟೆ ಇಡುವ ಅವನು ಅವಳ ಕೈಯನ್ನೇ ನೋಡುತ್ತಿದ್ದ: ಯಾರ ಎಲೆ ಖಾಲಿಯಾಯಿತು, ಯಾರು ಸಾಕೆಂದರೂ ಮನಸ್ಸಿನಲ್ಲಿ ಬೇಕೆನ್ನುತ್ತಿದ್ದಾರೆ, ಅವಳು ಹೇಗೆ ಬಾಗಿ ಹೇಗೆ ದಾಟುತ್ತಾಳೆ. ಸಂಜೆ ಅವಳು ಮೊಮ್ಮಗನ ಕೈ ಹಿಡಿದು ಸೋಮೇಶ್ವರದ ಮರಳಿನಲ್ಲಿ ಮುಂದೆ ಮುಂದೆ ಹೋದಳು. ನಾವು ಹಿಂದೆ ಬಿದ್ದೆವು.

"ಹೀಂಗ್ ನಡುದ್ ನಾ ಕಂಡೇ ಇಲ್ಲೆ ಅಬ್ಬಿನ" ಅಂದ ರವಿ. "ನಾ ಏಳುಕ್ ಮುಂಚೆ ಹೋತಿತ್, ಬಂದದ್ದೇ ಮಲ್ಕಂತಿತ್."

ಹೊರಡುವಾಗ ಅವಳ ಹತ್ತಿರ ನಿಂತು, "ಇಪ್ಪುಕ್ ಬ್ಯಾಡ ಅಬ್ಬಿ, ಕಾಂಬುಕಾರೂ ಒಂದ್ಸಲ ಬಾ" ಎಂದ.

"ಕಾಂಬ" ಅಂದಳು ಚಿಕ್ಕಿ. ನೋಡೋಣ ಎನ್ನುವ ಈ ಮಾತಿಗೆ ನಮ್ಮ ಕಡೆ ಹೌದು ಎನ್ನುವ ಅರ್ಥವೂ ಇದೆ, ಇಲ್ಲ ಎನ್ನುವುದೂ ಇದೆ.

ಅರ್ಥ ಯಾವುದೆಂದು ಹೋದ ವಾರ ಗೊತ್ತಾಯಿತು. ಚಿಕ್ಕಿ ಫೋನ್ ಮಾಡಿ, ಶಾರದಕ್ಕನ ಹತ್ತಿರ ರಜೆ ಕೇಳಿದ್ದೇನೆ, ಮುಂಬೈಗೆ ಎರಡು ಟಿಕೆಟ್ ಮಾಡಿಸು ಎಂದಳು. ಒಂದು ಅವಳಿಗೆ, ಇನ್ನೊಂದು ನನಗೆ. "ತಿರ್ಗಿ ಬಪ್ಪು ಟಿಕೇಟ್ ಸೈತ ಈಗ್ಳೇ ಮಾಡ್ಸ್. ಅದ್ ನನ್ ಕೈಯಂಗೆ ಇರ್ಕ್." ಅಂಗಡಿಯಲ್ಲಿ ರಜೆ ಕೇಳಿದಾಗ ಯಜಮಾನರು, ಎಲ್ಲಿಗೆ, ಯಾರ ಮದುವೆ ಎಂದರು. ಮದುವೆಯಲ್ಲ, ಊರು ನೋಡಲು ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವರಿಗಿಂತ ನಾನೇ ಹೆಚ್ಚು ಬೆರಗಾದೆ.

ನಕ್ಷೆ ನೋಡುತ್ತ ನಿಂತಿದ್ದ ಹಾಗೆಯೇ ಬೈಂದೂರಿನ ಬಸ್ಸು ಬಂತು. ಅವಳನ್ನು ಯಡ್ತರೆಯಿಂದ ಕರೆದುಕೊಂಡು ಅಲ್ಲಿಂದಲೇ ರೈಲು ಹತ್ತುವುದೆಂದು ನಿಶ್ಚಯವಾಗಿದೆ. ಹೆಮ್ಮಾಡಿ ದಾಟುವಾಗ ರವಿ ಫೋನ್ ಮಾಡಿದ. ಮುಂಬೈಯಲ್ಲಿ ಸ್ಟೇಷನ್ನಿಗೆ ತಾನೇ ಬರುತ್ತೇನೆಂದ, ಅಬ್ಬಿ ಈ ಸಲ ದಾರಿಯಲ್ಲಿ ಎಲ್ಲಿಯೂ ಇಳಿಯದ ಹಾಗೆ ನೋಡಿಕೋ ಎಂದು ನಕ್ಕ. ನಾನೂ ನಕ್ಕೆ. ನಕ್ಕು ಫೋನಿಟ್ಟ ಮೇಲೆ, ರತ್ನಾಗಿರಿ, ಚಿಪಳೂಣ್ ಎಂದು ನಾನು ಹೆಸರಷ್ಟೇ ಕೇಳಿದ ಸ್ಟೇಷನ್ನುಗಳು ಒಂದೊಂದಾಗಿ ನೆನಪಾದವು. ಮನೆಯಲ್ಲಿ ಮುಂದಿನ ಬುಧವಾರ ಬರುತ್ತೇನೆಂದು ಹೇಳಿ ಬಂದಿದ್ದೇನೆ. ಅವಳು ಎಲ್ಲಾದರೂ ಇಳಿದರೆ ತಡೆಯುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ.