ಅರ್ಧ ಬೆಲೆಗೆ ಅರ್ಧ ವಿಮಾನ

ಚೌಕಾಸಿ ಮಾಡುವವರಿಗೆ ನನ್ನದೊಂದು ಬುದ್ಧಿಮಾತಿದೆ: ಬೆಲೆ ಇಳಿಸುವ ಮೊದಲು ಸಾಮಾನು ಎಣಿಸಿಕೊಳ್ಳಿ. ನಾನು ಎಣಿಸಿರಲಿಲ್ಲ.

ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ಬೀದರಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ. ಔರಾದ ಕಡೆಯ ಹಳ್ಳಿಗಳವರು ಪುಣೆಗೋ ಹೈದರಾಬಾದಿಗೋ ದುಡಿಯಲು ಹೊರಟಿದ್ದರು. ಹೊರಡುವ ಮುನ್ನ ಎಲ್ಲರಿಗೂ ರೇಷನ್ ಕಾರ್ಡಿನ ಝೆರಾಕ್ಸ್ ಬೇಕು. ಒಂದು ತಿಂಗಳು ಯಂತ್ರ ಆರಲೇ ಇಲ್ಲ. ವ್ಯಾಪಾರ ಕುದುರಿತೆಂದು ಹಿಗ್ಗಿದೆ. ಝೆರಾಕ್ಸ್ ಮಾಡಿಸಿಕೊಂಡವರ ಜೊತೆ ಗಿರಾಕಿಗಳೂ ಹೋದರೆಂಬುದು ಮುಂದಿನ ತಿಂಗಳು ತಿಳಿಯಿತು. ಭಾಲ್ಕಿಯಿಂದ ರೈಲು ಹತ್ತಿ ಪುಣೆ ಸೇರಿದ್ದ ಭಾವ ಫೋನು ಮಾಡಿದ: "ಅಂಗಡಿ ಮುಚ್ಚಿ ಬರ್ರಿ, ಗೋದಾಮದಾಗ ಕೆಲಸ ಕೊಡಸ್ತೇನಿ." ಇನ್ನೊಬ್ಬರ ಗೋದಾಮಿನಲ್ಲಿ ಹಾಜರಿ ಹಾಕಿಸಿಕೊಳ್ಳುವುದು! ಹದಿನೈದು ದಿನ ತಡೆ ಎಂದೆ.

ನಮ್ಮ ಓಣಿಯಲ್ಲಿ ಕಮಠಾಣದ ಕಡೆಯ ಹಿರಿಯರೊಬ್ಬರಿದ್ದರು. ಬಹಳ ವರ್ಷ ವಿಮಾನ ಹಾರಿಸಲು ಕಲಿಸಿ ನಿವೃತ್ತರಾದವರು. ಪೈಲಟ್ ಆಗಬೇಕೆನ್ನುವ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಒಂದು ದಿನ ಅಂಗಡಿಗೆ ಬಂದು, "ಕಂಪ್ಯೂಟರದಾಗ ವಿಮಾನ ಹಾರಿಸೋ ಬಂದೋಬಸ್ತ್ ಮಾಡ್ರಿ. ನನಗ ಸರಿ ಅನಿಸ್ತಂದ್ರ ಎಲ್ಲಾ ಮಕ್ಕಳನ್ನ ನಿಮ್ಮಲ್ಲೇ ಕಳಸ್ತೇನಿ" ಎಂದರು. ಅಂಗಡಿ ಉಳಿಯಲು ಅಷ್ಟು ಸಾಕಿತ್ತು.

ಹೈದರಾಬಾದಿನ ಹಳೆ ಸಾಮಾನಿನ ಬಜಾರಿಗೆ ಹೋದೆ. ಕೈಯಲ್ಲಿ ಹಿಡಿದು ವಾಲಿಸುವ ಕೋಲು, ಕಾಲಿನ ಪೆಡಲು, ತಂತಿ ಎಲ್ಲ ಸೇರಿ ಒಂದು ಸೆಟ್ಟು ಸಿಕ್ಕಿತು. ಅಂಗಡಿಯವನು ಹೇಳಿದ ಬೆಲೆಯ ಅರ್ಧಕ್ಕೆ ನಿಂತೆ, ಎರಡು ಸಲ ಎದ್ದು ಹೊರಟಂತೆ ಮಾಡಿದೆ, ಗೆದ್ದೆ. ಅವನು ನಗುತ್ತಲೇ ಕಟ್ಟಿಕೊಟ್ಟ. ಗೆದ್ದವನು ನಾನು, ನಗುತ್ತಿರುವವನು ಅವನು. ಆಗಲೇ ಗಂಟು ಬಿಚ್ಚಿ ನೋಡಬೇಕಿತ್ತು. ಬೀದರಿಗೆ ಬಂದು ಬಿಚ್ಚಿದರೆ ಪೆಡಲುಗಳೇ ಇಲ್ಲ. ಫೋನು ಮಾಡಿದರೆ, "ಆಧಾ ದಾಮ್, ಆಧಾ ಜಹಾಜ್, ಸೇಠ್" ಅಂದ. ಅರ್ಧ ಬೆಲೆಗೆ ಅರ್ಧ ವಿಮಾನ.

ನನ್ನ ಹೆಂಡತಿ ಔರಾದ ಕಡೆಯವಳು, ಮಾತಿಗೆ ಸುಂಕ ಕಟ್ಟುವವಳಲ್ಲ. "ಅರ್ಧ ಬೆಲಿಗೆ ಕುರ್ಚಿ ತಂದ್ರ ಎರಡ ಕಾಲಿಂದೇ ತರ್ತೀರೇನ್ರಿ?"

ವಿಮಾನದ ಬಾಲದಲ್ಲಿ ಒಂದು ನಿಲುವು ಹಲಗೆ ಇರುತ್ತದೆ, ರಡ್ಡರ್ ಅನ್ನುತ್ತಾರೆ. ಕಾಲಿನ ಪೆಡಲಿನಿಂದ ಅದನ್ನು ಆಡಿಸಿದರೆ ಮೂತಿ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಪೆಡಲು ಇಲ್ಲದ ಬಡವರಿಗೆಂದೇ ಕಂಪ್ಯೂಟರಿನಲ್ಲಿ ಒಂದು ಅನುಕೂಲವಿದೆ: ಕೋಲು ವಾಲಿಸಿದತ್ತ ರಡ್ಡರ್ ತಾನೇ ಹೊರಳುತ್ತದೆ. ಅದನ್ನು ಗುಟ್ಟಾಗಿ ಚಾಲೂ ಇಟ್ಟು ಹಿರಿಯರನ್ನು ಕರೆದೆ.

ಅವರು ಕೂತು, ರನ್‌ವೇ ಮೇಲೆ ಕೋಲನ್ನು ಸ್ವಲ್ಪ ಬಲಕ್ಕೆ ವಾಲಿಸಿದರು. ಮೂತಿ ಬಲಕ್ಕೆ ಹೊರಳಿತು.

"ನೆಲದ ಮ್ಯಾಲ ಕೈಲೆ ತಿರುಗ್ತದ! ಇದು ಯಾವ ಊರ ವಿಮಾನರಿ?"

"ಹೊಸ ನಮೂನಿದು, ಸಾಹೇಬ್ರ."

"ಅಡ್ಡಗಾಳಿಯಾಗ ಇಳಿಬೇಕಾದ್ರ ಕೈ ಒಂದ ಕಡಿ, ಕಾಲು ಒಂದ ಕಡಿ ಹೋಗ್ಬೇಕು. ನಿಮ್ಮ ನಮೂನಿ ಎರಡೂ ಒಂದೇ ಕಡಿ ಎಳಿತದ. ಸೋಮವಾರ ಬರ್ತೇನಿ. ಅಷ್ಟರಾಗ ಇದಕ್ಕ ಕಾಲು ಹುಡುಕ್ರಿ."

ಅಂಗಡಿಯಲ್ಲಿ ಕೆಟ್ಟ ಕೀಬೋರ್ಡುಗಳಿಗೆ ಬರವಿರಲಿಲ್ಲ. ಅಂಕಿಗಳ ಗುಂಡಿಯಾದರೂ ಕೆಲಸ ಮಾಡುತ್ತಿದ್ದ ಒಂದನ್ನು ಆರಿಸಿ, ಮೂರು ಗುಂಡಿ ಬಿಟ್ಟು ಉಳಿದವನ್ನೆಲ್ಲ ಕಿತ್ತು, ಹಲಗೆಗೆ ಬಿಗಿದು ಮೇಜಿನ ಕೆಳಗಿಟ್ಟೆ; ಗುಟ್ಟಿನ ಅನುಕೂಲವನ್ನು ಬಂದ್ ಮಾಡಿದೆ. ಎಡಗಾಲ ಹೆಬ್ಬೆರಳಿಗೆ ಸೊನ್ನೆ, ಒತ್ತಿದರೆ ರಡ್ಡರ್ ಎಡಕ್ಕೆ; ಬಲಗಾಲ ಹೆಬ್ಬೆರಳಿಗೆ ಎಂಟರ್, ಒತ್ತಿದರೆ ಬಲಕ್ಕೆ; ನಡುವೆ ಐದು. ನೀವೂ ಮಾಡಿಕೊಳ್ಳಬಹುದು, ಖರ್ಚಿಲ್ಲ. ಆದರೆ ಒಂದು ಮಾತು ನೆನಪಿರಲಿ: ನಿಜವಾದ ಪೆಡಲು ಕಾಲು ತೆಗೆದರೆ ನಡುವಿಗೆ ಬರುತ್ತದೆ, ಗುಂಡಿಯಿಂದ ತಿರುಗಿಸಿದ ರಡ್ಡರ್ ಬರುವುದಿಲ್ಲ. ಐದು ಒತ್ತಿ ಕರೆತರಬೇಕು. ನಾನು ಒತ್ತುವುದೇ ಒತ್ತುವುದು, ವಿಮಾನ ಗಾಣದ ಎತ್ತಿನಂತೆ ಸುತ್ತುವುದೇ ಸುತ್ತುವುದು.

ಬುತ್ತಿ ತಂದ ಹೆಂಡತಿ, ಪರದೆಯಲ್ಲಿ ವಿಮಾನದ ಕೆಳಗೆ ಕಾಣುತ್ತಿದ್ದ ನಮ್ಮ ಸೀಮೆಯನ್ನು ನೋಡುತ್ತ ನಿಂತಳು. "ಅಯ್ಯ, ಮಾಂಜರಾ ಹೊಳಿ ತುಂಬ್ಯಾಳ! ನಮ್ಮ ಕಡಿ ಎಲ್ಲಾ ಹಸರ ಅದ!" ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದು ನಾಲ್ಕು ದಿನವಾಗಿತ್ತು. ಆಮೇಲೆ ನನ್ನ ಕಾಲು ನೋಡಿ ಹೇಳಿದಳು: "ನಿಮಗ ಒತ್ತಾಕ ಬರ್ತದ, ಬಿಡಾಕ ಬರಂಗಿಲ್ಲ. ಚೌಕಾಸಿದಾಗೂ ಹಂಗೇ. ಒಂದ ಸಲ ಒತ್ರಿ, ಐದಕ್ಕ ಬರ್ರಿ." ಅಂದಿನಿಂದ ನಾನು ವಾಲಿದಾಗೆಲ್ಲ ಹಿಂದಿನಿಂದ "ಐದು!" ಎಂದು ಕೂಗುವುದು ಅವಳ ಕೆಲಸವಾಯಿತು.

ಸೋಮವಾರ ಹಿರಿಯರ ಮರ್ಯಾದೆಗೆಂದು ಮದುವೆಮುಂಜಿಗೆ ಹಾಕುವ ಬೂಟು ಹಾಕಿಕೊಂಡೆ. ಅವರು ಕಂಪ್ಯೂಟರಿನಲ್ಲಿ ಅಡ್ಡಗಾಳಿ ಇಟ್ಟು, "ಹಾರಸ್ರಿ" ಎಂದರು. ಬೂಟಿನ ತುದಿಗೆ ಮೂರೂ ಗುಂಡಿ ಒಟ್ಟಿಗೇ ಸಿಕ್ಕವು. ಹಿಂದೆ ನಿಂತಿದ್ದ ಹೆಂಡತಿ "ಐದು!" ಎಂದು ಕೂಗುವಷ್ಟರಲ್ಲಿ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಹೋಯಿತು. ಪುಣೆಯ ಗೋದಾಮು ಕಣ್ಣ ಮುಂದೆ ಬಂತು.

ಅವರು ಮೇಜಿನ ಕೆಳಗೆ ಬಗ್ಗಿ ನೋಡಿದರು. "ಬೂಟ್ ತಗೀರಿ" ಎಂದರು.

ಬರಿಗಾಲಲ್ಲಿ ಹೊರಟೆ. ಏರಿದೆ, ಸುತ್ತು ಹಾಕಿದೆ, ಇಳಿಯಲು ಬಂದೆ. ಗಾಳಿ ಎಡದಿಂದ. ಕೈ ಎಡಕ್ಕೆ, ಬಲಗಾಲಿನ ಬೆರಳು ಎರಡು ಸಲ. ಮೂತಿ ನೇರವಾಯಿತು. ಚಕ್ರ ನೆಲ ಮುಟ್ಟಿ, ಒಮ್ಮೆ ಕುಪ್ಪಳಿಸಿ, ಮತ್ತೆ ಮುಟ್ಟಿ ಬಲಕ್ಕೆ ಎಳೆಯತೊಡಗಿತು.

"ಐದು!" ಎಂದು ಕೂಗಿದವರು ಹಿರಿಯರು.

ಒತ್ತಿದೆ. ವಿಮಾನ ರನ್‌ವೇ ಅಂಚಿನಲ್ಲಿ ನಿಂತಿತು.

"ಮಕ್ಕಳನ್ನ ಕಳಸ್ತೇನಿ" ಎಂದರು. ನಾನು ತಾಸಿಗೆ ಇಷ್ಟು ಎಂದು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. "ಫೀಸು ಮಾತ್ರ ಅರ್ಧ. ವಿಮಾನ ಅರ್ಧೇ ಅದ ಅಲ್ರಿ?"

ಮಾರುತ್ತರ ನಾಲಿಗೆಯ ತುದಿಗೇ ಇತ್ತು. ಹೆಂಡತಿಯ ಮುಖ ನೋಡಿದೆ. ಅವಳು ಸದ್ದಿಲ್ಲದೆ ಐದು ಬೆರಳು ತೋರಿಸಿದಳು.

ಒಪ್ಪಿದೆ.